ಮಣ್ಣು ಕಪ್ಪಗಿದೆ ಅಂತ ನಂಬ್ಬೇಡಿ, ಸ್ಪಾರ್ಟಾ ಇರ್ಬಹುದು

ಅಮೆರಿಕದ ವಿಸ್ಕಾನ್ಸಿನ್, ಇಲಿನಾಯ್ ಕಡೆ ನದಿ ಬಯಲಲ್ಲಿ ಮನೆ ತಗೊಂಡಿರೋರು ಗಿಡ ಹಾಕೋ ಮುಂಚೆ ವೆಬ್ ಸಾಯಿಲ್ ಸರ್ವೇಲಿ (ಅಮೆರಿಕ ಕೃಷಿ ಇಲಾಖೆಯ ಮಣ್ಣಿನ ನಕ್ಷೆ ವೆಬ್‌ಸೈಟು) ನಿಮ್ಮ ಅಡ್ರೆಸ್ ಹಾಕಿ ನೋಡಿ, ಫ್ರೀನೇ, ಅಲ್ಲಿ ಮಣ್ಣಿನ ಹೆಸರು ‘ಸ್ಪಾರ್ಟಾ’ ಅಂತ ಬಂದ್ರೆ ನಿಮ್ದು ಪ್ರೇರಿ ಹುಲ್ಲುಗಾವಲಿನ ಮರಳು ಮಣ್ಣು. ಮೇಲ್ಗಡೆ ಕಪ್ಪಗಿರತ್ತೆ, ನಾನಂತೂ ನಮ್ಮೂರ ಎರೆಮಣ್ಣು ಥರ ಅಂದ್ಕೊಂಡು ಏಮಾರಿದೆ. ಒದ್ದೆ ಮಾಡಿ ಉಂಡೆ ಕಟ್ಟಿ ಬೆರಳಲ್ಲಿ ತಟ್ಟಿ, ಪುಡಿಪುಡಿ ಆಗಿ ಅಂಗೈಲಿ ಬರೀ ಮರಳು ಕಾಳು ಉಳಿಯತ್ತೆ. ಆ ಕಪ್ಪು ಹುಲ್ಲಿನ ಬೇರು ಕೊಳೆತು ಬಂದಿದ್ದು, ಜೇಡಿ ಅಲ್ಲ.

ವಾರಕ್ಕೊಂದ್ಸಲ ಪೈಪ್ ಬಿಟ್ರೆ ನೀರು ಬೇರು ದಾಟಿ ಕೆಳಗೆ ಹೋಗ್ಬಿಡತ್ತೆ, ಬೇಸಿಗೇಲಿ ದಿನ ಬಿಟ್ಟು ದಿನ ಸ್ವಲ್ಪ ಸ್ವಲ್ಪ ಕೊಡಿ, ಮೇಲೆ ಒಣಹುಲ್ಲು ಮುಚ್ಚಿ. ಯೂರಿಯಾನೂ ಅಷ್ಟೇ, ಮೂರ್ನಾಲ್ಕು ಕಂತು ಮಾಡಿ, ಇಲ್ಲಾಂದ್ರೆ ಯೂರಿಯಾದಿಂದ ಆಗೋ ನೈಟ್ರೇಟ್ ಇಳಿದು ಸೀದಾ ಬಾವಿ ನೀರಿಗೆ. ಸ್ವಂತ ಬಾವಿ ಇದ್ರೆ ಟೆಸ್ಟ್ ಮಾಡ್ಸಿ, ಅಲ್ಲಿ ಕುಡಿಯೋ ನೀರಿನ ಮಿತಿ ಲೀಟರಿಗೆ 10 ಮಿಲಿಗ್ರಾಂ ನೈಟ್ರೇಟ್ ನೈಟ್ರೋಜನ್ (ಅಂದ್ರೆ ನೈಟ್ರೇಟಲ್ಲಿರೋ ನೈಟ್ರೋಜನ್ ಮಾತ್ರ ಲೆಕ್ಕ).

ಲಾಭನೂ ಇದೆ ಮತ್ತೆ, ವಸಂತದಲ್ಲಿ ಬೇಗ ಬೆಚ್ಚಗಾಗತ್ತೆ, ಕಲ್ಲಂಗಡಿ, ಕುಂಬಳ, ಆಲೂಗಡ್ಡೆಗೆ ಹೇಳಿ ಮಾಡ್ಸಿದಂಗಿದೆ, ಇಲಿನಾಯ್‌ನ ಮೇಸನ್ ಕೌಂಟೀಲಿ ಇಂಥ ಮರಳಲ್ಲೇ ನೀರಾವರಿ ಮಾಡಿ ಕಲ್ಲಂಗಡಿ ಬೆಳೀತಾರೆ. ಚಳಿಗಾಲಕ್ಕೆ ಮಾತ್ರ ಬರೀ ನೆಲ ಬಿಡ್ಬೇಡಿ, ಸೆಪ್ಟೆಂಬರಲ್ಲೇ ರೈ (ಗೋಧಿ ಥರದ ಧಾನ್ಯ) ಬೀಜ ಎರಚಿ, ಇಲ್ಲಾಂದ್ರೆ ಗಾಳಿಗೆ ಹಾರೋ ಮರಳು ಎಳೆ ಸಸಿಗಳನ್ನ ಸ್ಯಾಂಡ್‌ಪೇಪರ್ ಥರ ಉಜ್ಜಿ ಹಾಕತ್ತೆ.