ಸಂಜೆಮಲ್ಲಿಗೆಯ ಗುಲಾಬಿ ಬಣ್ಣ ಕೊನೆಗೂ ಕೈಗೆ ಸಿಕ್ಕಿತು

ಕೆಂಪು ಸಂಜೆಮಲ್ಲಿಗೆಗೂ ಬಿಳಿಗೂ ಕ್ರಾಸ್ ಮಾಡಿ, ಅಂದರೆ ಒಂದರ ಪರಾಗ ಇನ್ನೊಂದಕ್ಕೆ ತಾಗಿಸಿ, ಗುಲಾಬಿ ತೆಗೆಯುತ್ತೇನೆ ಎಂದಾಗ ತೀರ್ಥಹಳ್ಳಿಯ ನಮ್ಮ ಕೇರಿಯಲ್ಲಿ ಯಾರೂ ನಂಬಲಿಲ್ಲ. "ಅದೇನು ಗೋಡೆಗೆ ಬಳಿಯೋ ಬಣ್ಣಾನಾ, ಕಲಸೋಕೆ?" ಎಂದರು ಭಾವ. ಈಗ ಅವರ ಅಂಗಳದಲ್ಲೂ ನನ್ನದೇ ಗಿಡ ಇದೆ.

ಮೊದಲ ವರ್ಷ ಪೂರ್ತಿ ಹಾಳು. ಸಂಜೆ ಹೂ ಅರಳಿದ ಮೇಲೆ ಕೇಸರ ಕಿತ್ತೆ. ಅಷ್ಟರಲ್ಲಿ ಅದರದೇ ಪರಾಗ ಅದಕ್ಕೇ ತಾಗಿತ್ತು. ಸಸಿಗಳೆಲ್ಲ ತಾಯಿಯ ಬಣ್ಣವೇ. ಎರಡನೇ ವರ್ಷ ಮಧ್ಯಾಹ್ನವೇ ಮೊಗ್ಗು ಬಿಡಿಸಿದೆ. ಆದರೆ ಪುನರ್ವಸು ಮಳೆ ಹಿಡಿದುಕೊಂಡಿತು. ಒದ್ದೆಯಾದ ಪರಾಗ ಯಾವ ಕೆಲಸಕ್ಕೂ ಬರಲ್ಲ. ನೂರರ ಹತ್ತಿರ ಹೂವಿಗೆ ಕೈಯಿಟ್ಟರೆ ಸಿಕ್ಕಿದ್ದು ಆರು ಬೀಜ. ಇದರಲ್ಲಿ ಹೂವಿಗೊಂದೇ ಬೀಜ, ಬೆಂಡೆಯ ಹಾಗೆ ಒಂದು ಕಾಯಿಯಲ್ಲಿ ಹತ್ತಾರು ಬರಲ್ಲ, ಅಲ್ವಾ?

ದುಡ್ಡೂ ಹೋಯಿತು. ನೆರಳು ಬಲೆ, ಕುಂಡ, ಗೊಬ್ಬರ ಸೇರಿ ಮೂರೂವರೆ ಸಾವಿರ ಇರಬಹುದು. ಒಂದು ನರ್ಸರಿಯಲ್ಲಿ ಕೆಂಪು ಎಂದು ಕೊಟ್ಟ ಗಿಡಗಳಿಗೆ ಇನ್ನೊಂದು ಆರುನೂರು. ಅವು ಕೆಂಪಲ್ಲ, ಕಡು ಗುಲಾಬಿ. ಮರಿಗಳಲ್ಲಿ ಬಿಳಿ ಕಂಡಾಗಲೇ ಗೊತ್ತಾಗಿದ್ದು. ಆಮೇಲೆ ಒಂದು ತಲೆಮಾರು ಬೀಜದಿಂದ ಬೆಳೆಸಿ ನೋಡದೆ ಯಾವ ಗಿಡವನ್ನೂ ಕ್ರಾಸಿಗೆ ಮುಟ್ಟಿಲ್ಲ.

ಮೂರನೇ ವರ್ಷ ನವರಾತ್ರಿ ಕಳೆದು ಮಳೆ ಬಿಡುವವರೆಗೆ ಕಾದೆ. ಅರವತ್ತು ಹೂವಿಗೆ ನಲವತ್ತರಷ್ಟು ಬೀಜ, ಮೂವತ್ತು ಚಿಲ್ಲರೆ ಸಸಿ. ಒಂದೂ ಬಿಡದೆ ಎಲ್ಲವೂ ಗುಲಾಬಿ! ಬಿಳಿ ತಾಯಿಯಾದರೂ ಅಷ್ಟೇ, ಕೆಂಪು ತಾಯಿಯಾದರೂ ಅಷ್ಟೇ. ಆ ಸಂಜೆ ಕೇರಿಯವರನ್ನೆಲ್ಲ ಕರೆದು ತೋರಿಸಿದೆ.

ಆ ಗುಲಾಬಿಯ ಬೀಜವನ್ನೇ ಬಿತ್ತಿದೆ. ತೊಂಬತ್ತರ ಹತ್ತಿರ ಗಿಡದಲ್ಲಿ ಇಪ್ಪತ್ತೆರಡು ಕೆಂಪು, ನಲವತ್ತಾರು ಗುಲಾಬಿ, ಉಳಿದದ್ದು ಬಿಳಿ. ಜರ್ಮನಿಯ ಸಸ್ಯವಿಜ್ಞಾನಿ ಕಾರ್ಲ್ ಕೊರೆನ್ಸ್ ನೂರು ವರ್ಷಕ್ಕೂ ಹಿಂದೆ ಇದೇ ಗಿಡದಲ್ಲಿ ಕಂಡ 1:2:1 ಅನುಪಾತ ನನ್ನ ಹಿತ್ತಿಲಲ್ಲೇ ನಿಂತಿತ್ತು.

ಹಾಗಾಗಿ ಗುಲಾಬಿಯ ಬೀಜ ಮಾರಬೇಡಿ, ಕೊಂಡವರು ಬೈಯುತ್ತಾರೆ. ನಾನು ಗೆಡ್ಡೆ ಮಾರುತ್ತೇನೆ, ಒಂದಕ್ಕೆ ಐವತ್ತು ರೂಪಾಯಿ. ಹೋದ ವರ್ಷ ಎಪ್ಪತ್ತರ ಮೇಲೆ ಹೋಯಿತು. ಜಡಿಮಳೆಗೆ ಗೆಡ್ಡೆ ಕೊಳೆಯದಂತೆ ಹೇಗೆ ಇಡುತ್ತೇನೆ ಎನ್ನುವುದು ಸದ್ಯ ನನ್ನಲ್ಲೇ ಇರಲಿ. ಅದಕ್ಕೆ ಎರಡು ಮಳೆಗಾಲ ತೆತ್ತಿದ್ದೇನೆ.

ಬೀಜ ಥೇಟ್ ಕಾಳುಮೆಣಸಿನ ಹಾಗಿರುತ್ತದೆ, ಆದರೆ ವಿಷ. ಮೆಣಸು ಒಣಹಾಕಿದ ಅಂಗಳದಲ್ಲಿ ಇದನ್ನು ಹರಡಬೇಡಿ.

ನಡುವೆ ಕೆಂಪಿಗೆ ಹಳದಿಯನ್ನೂ ಹಾಕಿದ್ದೆ. ಕಿತ್ತಳೆ ಬಣ್ಣ ಬಂತು, ಕೆಲವದರ ಮೇಲೆ ಗೀರು ಗೀರು. ಈ ಸಲ ಹಳದಿಗೆ ಬಿಳಿ. ಮೂವತ್ತೆರಡು ಬೀಜ ಡಬ್ಬಿಯಲ್ಲಿವೆ.