ಗ್ಯಾಸ್ ಟರ್ಬೈನಿಗೆ ನೀರು ಬಿಟ್ಟರೆ ಏನಾಗುತ್ತದೆ? ಹೀಗೆ ಲೆಕ್ಕ ಹಾಕಿ ನೋಡಿ

ಉರಿಯುವ ಬೆಂಕಿಗೆ ನೀರು ಬಿಟ್ಟರೆ ಶಕ್ತಿ ಇಳಿಯಬೇಕು, ಅಲ್ವಾ? ಗ್ಯಾಸ್ ಟರ್ಬೈನಿನಲ್ಲಿ ಆಗುವುದು ಉಲ್ಟಾ. ಮೆಗಾವಾಟ್ ಏರುತ್ತದೆ. ಆದರೆ ಇಂಧನದ ಖರ್ಚೂ ಏರುತ್ತದೆ, ಎಷ್ಟೋ ಸಲ ಮೆಗಾವಾಟ್ ಏರಿದ್ದಕ್ಕಿಂತ ಜಾಸ್ತಿ. ಕಂಟ್ರೋಲ್ ರೂಮಿನ ಪರದೆಯಲ್ಲಿ ಲೋಡ್ ಏರಿದ್ದನ್ನು ಮಾತ್ರ ನೋಡಿ ಎದ್ದರೆ ಅರ್ಧ ಲೆಕ್ಕ ಬಾಕಿ ಉಳಿಯುತ್ತದೆ. ಪೂರ್ತಿ ಲೆಕ್ಕಕ್ಕೆ ಒಂದು ಹಾಳೆ, ಒಂದು ಪೆನ್ನು ಮತ್ತು ಯಂತ್ರದ ನಾಲ್ಕು ಅಂಕಿ ಸಾಕು.

ಮೊದಲು ನೀರು ಎಲ್ಲಿ ಬೀಳುತ್ತದೆ ಅಂತ ನೋಡಿ

‘ವಾಟರ್ ಇಂಜೆಕ್ಷನ್’ ಅಂತ ಎಲ್ಲರೂ ಒಂದೇ ಹೆಸರು ಹೇಳುತ್ತಾರೆ, ಆದರೆ ಜಾಗ ಬದಲಾದರೆ ಕೆಲಸವೇ ಬೇರೆ. ನನ್ನ ಪ್ರಕಾರ ಗೊಂದಲವೆಲ್ಲ ಶುರುವಾಗುವುದು ಇಲ್ಲೇ.

ಕಂಪ್ರೆಸರ್ ಅಂದರೆ ಗಾಳಿಯನ್ನು ಎಳೆದು ಒತ್ತುವ ಭಾಗ. ಅದರ ಮುಂದೆ, ಗಾಳಿ ಒಳಗೆ ಬರುವ ಕಡೆ, ಮಂಜಿನಂತೆ ಸಿಂಪಡಿಸುವುದು ಒಂದು ಬಗೆ. ಇದಕ್ಕೆ ಫಾಗಿಂಗ್ ಅನ್ನುತ್ತಾರೆ. ಹನಿಗಳು ಹೆಚ್ಚಾಗಿ 10ರಿಂದ 20 ಮೈಕ್ರಾನ್ ಇರುತ್ತವೆ. ಅವು ಆವಿಯಾಗುತ್ತಾ ಗಾಳಿಯನ್ನು ತಂಪು ಮಾಡುತ್ತವೆ, ತಂಪು ಗಾಳಿ ಸಾಂದ್ರವಾಗಿರುತ್ತದೆ, ಹಾಗಾಗಿ ಅದೇ ವೇಗದಲ್ಲಿ ತಿರುಗುವ ಕಂಪ್ರೆಸರ್ ಜಾಸ್ತಿ ತೂಕದ ಗಾಳಿ ಎಳೆದುಕೊಳ್ಳುತ್ತದೆ, ಪ್ರತಿ ಕಿಲೋ ಗಾಳಿ ಒತ್ತಲು ಕಡಿಮೆ ಕೆಲಸ ಸಾಕಾಗುತ್ತದೆ. ಟರ್ಬೈನಿನ ಸಾಮರ್ಥ್ಯವನ್ನು ಅಳೆದು ಬರೆದಿರುವುದು 15 ಡಿಗ್ರಿ ಸೆಲ್ಸಿಯಸ್, 60% ತೇವಾಂಶದ ಗಾಳಿಗೆ. ಬಿಸಿ ಏರಿದಂತೆ ಉತ್ಪಾದನೆ ಕುಸಿಯುತ್ತದೆ. ಫಾಗಿಂಗ್ ಆ ಕಳೆದುಹೋದದ್ದರಲ್ಲಿ ಒಂದು ಪಾಲನ್ನು ವಾಪಸ್ ತರುತ್ತದೆ. ಗಾಳಿ ಮೊದಲೇ ತೇವವಾಗಿದ್ದರೆ ಹೆಚ್ಚೇನೂ ಸಿಗುವುದಿಲ್ಲ.

ಎರಡನೆಯದು, ಗಾಳಿ ಹೀರಿಕೊಳ್ಳುವುದಕ್ಕಿಂತ ಜಾಸ್ತಿ ನೀರು ಬಿಡುವುದು. ಉಳಿದ ಹನಿಗಳು ಕಂಪ್ರೆಸರಿನ ಒಳಗೇ ಆವಿಯಾಗಿ, ಒತ್ತುವಾಗ ಕಾಯುವ ಗಾಳಿಯನ್ನು ತಂಪು ಮಾಡುತ್ತವೆ. ಟರ್ಬೈನ್ ಮಾಡುವ ಕೆಲಸದಲ್ಲಿ ಅರ್ಧಕ್ಕಿಂತ ಜಾಸ್ತಿ ಕಂಪ್ರೆಸರ್ರೇ ನುಂಗುತ್ತದೆ. ಅದರ ಹಸಿವನ್ನು ಸ್ವಲ್ಪ ಕಡಿಮೆ ಮಾಡಿದರೂ ಸಾಕು, ಉಳಿದದ್ದು ನೇರ ಜನರೇಟರಿಗೆ ಹೋಗುತ್ತದೆ. ಜಿಇ ಕಂಪನಿ ರೂಪಿಸಿದ ಎಲ್‌ಎಂ6000 ಸ್ಪ್ರಿಂಟ್ ಯಂತ್ರದಲ್ಲಿ ಕಡಿಮೆ ಒತ್ತಡದ ಮತ್ತು ಹೆಚ್ಚು ಒತ್ತಡದ ಕಂಪ್ರೆಸರುಗಳ ನಡುವೆ ನೀರು ಸಿಂಪಡಿಸುವುದು ಇದೇ ಕಾರಣಕ್ಕೆ.

ಮೂರನೆಯದು ನೇರವಾಗಿ ಕಂಬಸ್ಟರಿಗೆ, ಅಂದರೆ ಬೆಂಕಿ ಉರಿಯುವ ಕೋಣೆಗೆ ಬಿಡುವುದು. ಕಾರ್ಖಾನೆಗಳಲ್ಲಿ ಇದರ ಮುಖ್ಯ ಉದ್ದೇಶ ಮೆಗಾವಾಟ್ ಅಲ್ಲ, ನಾಕ್ಸ್, ಅಂದರೆ ನೈಟ್ರೋಜನ್ ಆಕ್ಸೈಡುಗಳನ್ನು ತಗ್ಗಿಸುವುದು. ಜ್ವಾಲೆ ಸುಮಾರು 1500 ಡಿಗ್ರಿ ದಾಟಿದ ಮೇಲೆ ನಾಕ್ಸ್ ಜೋರಾಗಿ ಹುಟ್ಟುತ್ತದೆ. ನೀರು ಜ್ವಾಲೆಯ ಅತಿ ಹೆಚ್ಚಿನ ಬಿಸಿಯನ್ನು ಇಳಿಸುತ್ತದೆ. ಹಳೆ ಬಗೆಯ ಕಂಬಸ್ಟರಿನಲ್ಲಿ ನೀರಿಲ್ಲದೆ 150 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 150 ಭಾಗ) ದಾಟುವ ನಾಕ್ಸ್, ಇಂಧನದ ತೂಕಕ್ಕೆ ಹೆಚ್ಚುಕಡಿಮೆ ಸಮನಾದ ನೀರು ಕೊಟ್ಟಾಗ, ನೈಸರ್ಗಿಕ ಅನಿಲದಲ್ಲಿ 42 ಅಥವಾ 25 ಪಿಪಿಎಂವರೆಗೂ ಇಳಿಯುತ್ತದೆ.

ಈಗ ಲೆಕ್ಕ

ಕಂಬಸ್ಟರಿಗೆ ನೀರು ಬಿಡುವ ಒಂದು ಯಂತ್ರ ಇಟ್ಟುಕೊಳ್ಳೋಣ. ಅಂಕಿಗಳನ್ನು ಸುಲಭಕ್ಕೆ ದುಂಡಗೆ ಮಾಡಿದ್ದೇನೆ. ಸೆಕೆಂಡಿಗೆ 100 ಕಿಲೋ ಗಾಳಿ, 2 ಕಿಲೋ ಅನಿಲ. ಒಂದು ಕಿಲೋ ಅನಿಲದಲ್ಲಿ ಸುಮಾರು 50 ಮೆಗಾಜೌಲ್ ಇದೆ, ಹಾಗಾಗಿ ಒಳಗೆ ಹೋಗುವುದು 100 ಮೆಗಾವಾಟ್ ಶಾಖ. ಹೊರಗೆ ಬರುವ ವಿದ್ಯುತ್ 33 ಮೆಗಾವಾಟ್ ಅನ್ನಿ. ದಕ್ಷತೆ 33%.

ಇದಕ್ಕೆ ಸೆಕೆಂಡಿಗೆ 2 ಕಿಲೋ ನೀರು ಬಿಡಿ. ತಣ್ಣನೆಯ ನೀರನ್ನು ಕುದಿಸಿ, ಆವಿ ಮಾಡಿ, 1200 ಡಿಗ್ರಿಗೆ ಏರಿಸಲು ಪ್ರತಿ ಕಿಲೋಗೆ ಸುಮಾರು 5 ಮೆಗಾಜೌಲ್ ಬೇಕು. ಬಿಸಿ ಅನಿಲ ಟರ್ಬೈನಿಗೆ ಹೊಗುವ ಬಾಗಿಲಿನ ತಾಪಮಾನ ಬೀಳದಂತೆ ಕಾಯಬೇಕಾದರೆ ಅಷ್ಟನ್ನೂ ಹೆಚ್ಚುವರಿ ಅನಿಲವೇ ಕೊಡಬೇಕು. ಅಂದರೆ 10 ಮೆಗಾವಾಟ್ ಶಾಖ ಜಾಸ್ತಿ. ಆ ಆವಿ 1200ರಿಂದ 600 ಡಿಗ್ರಿಗೆ ಹಿಗ್ಗಿ ಇಳಿಯುವಾಗ ಕಿಲೋಗೆ ಸುಮಾರು 1.5 ಮೆಗಾಜೌಲ್ ಕೆಲಸ ಕೊಡುತ್ತದೆ, ಒಟ್ಟು 3 ಮೆಗಾವಾಟ್. ನೀರನ್ನು ಒತ್ತಲು ಕಂಪ್ರೆಸರ್ ಬೇಡ, ಪಂಪ್ ಸಾಕು, ಪಂಪಿನ ಖರ್ಚು ತೀರಾ ಸಣ್ಣದು. ಅದಕ್ಕೇ ಈ 3 ಮೆಗಾವಾಟ್ ಹೆಚ್ಚುಕಡಿಮೆ ಪೂರ್ತಿ ಕೈಗೆ ಸಿಗುತ್ತದೆ.

ಈಗ ಭಾಗಿಸಿ. 36 ಬಂತು, 110 ಹೋಯಿತು. ದಕ್ಷತೆ 32.7%. ಉತ್ಪಾದನೆ 9% ಏರಿತು, ದಕ್ಷತೆ ಸ್ವಲ್ಪ ಇಳಿಯಿತು. ನೀರನ್ನು ಆವಿ ಮಾಡಲು ಕೊಟ್ಟ ಶಾಖ ಹಾಗೇ ಚಿಮಣಿಯಲ್ಲಿ ಹೊರಟುಹೋಗುತ್ತದೆ, ನಷ್ಟದ ಮೂಲ ಅದೇ.

ಅದೇ 2 ಕಿಲೋ ನೀರನ್ನು ಚಿಮಣಿಗೆ ಹೋಗುವ ಬಿಸಿಯಲ್ಲೇ ಕಾಯಿಸಿ, 300 ಡಿಗ್ರಿಯ ಹಬೆಯಾಗಿ ಬಿಟ್ಟರೆ? ಆಗ ಹೆಚ್ಚುವರಿ ಶಾಖ ಸುಮಾರು 4 ಮೆಗಾವಾಟ್ ಸಾಕು. 36ನ್ನು 104ರಿಂದ ಭಾಗಿಸಿ, 34.6% ಬರುತ್ತದೆ. ಉತ್ಪಾದನೆಯೂ ಏರಿತು, ದಕ್ಷತೆಯೂ ಏರಿತು! 1970ರ ದಶಕದಲ್ಲಿ ಇಂಜಿನಿಯರ್ ದಾ ಯು ಚೆಂಗ್ ರೂಪಿಸಿದ, ಹೀಗೆ ಹಬೆ ಬಿಟ್ಟು ಓಡಿಸುವ ಚೆಂಗ್ ಸೈಕಲ್ ನಿಂತಿರುವುದು ಈ ವ್ಯತ್ಯಾಸದ ಮೇಲೆಯೇ. ನನಗೆ ಈ ವಿಷಯದಲ್ಲಿ ಅತ್ಯಂತ ಇಷ್ಟವಾದ ಸಂಗತಿ ಇದು.

ಆಮೇಲೆ ಯಂತ್ರದ ಮೈ ನೋಡಿ

ಕಂಬಸ್ಟರಿಗೆ ಬಿಡುವ ನೀರಿಗೆ ಮಿತಿ ಇದೆ. ಜಾಸ್ತಿಯಾದರೆ ಜ್ವಾಲೆ ತಣ್ಣಗಾಗಿ ಇಂಧನ ಪೂರ್ತಿ ಉರಿಯುವುದಿಲ್ಲ, ಕಾರ್ಬನ್ ಮಾನಾಕ್ಸೈಡ್ ಏರುತ್ತದೆ. ಜ್ವಾಲೆ ಅದುರತೊಡಗುತ್ತದೆ, ಆ ಅದುರಾಟಕ್ಕೆ ಲೈನರ್, ಅಂದರೆ ಕಂಬಸ್ಟರಿನ ಒಳಗಿನ ಲೋಹದ ಗೋಡೆ, ಸವೆಯುತ್ತದೆ, ತಪಾಸಣೆಗೆ ಬೇಗ ಬೇಗ ಬಿಚ್ಚಬೇಕಾಗುತ್ತದೆ. ಇನ್ನೊಂದು, ಆವಿ ತುಂಬಿದ ಅನಿಲ ಬ್ಲೇಡಿಗೆ ಶಾಖವನ್ನು ಜಾಸ್ತಿ ದಾಟಿಸುತ್ತದೆ. ಅನಿಲದ ತಾಪಮಾನ ಅಷ್ಟೇ ಇದ್ದರೂ ಲೋಹ ಹೆಚ್ಚು ಕಾಯುತ್ತದೆ, ಆಯಸ್ಸು ಕಡಿಮೆಯಾಗುತ್ತದೆ.

ಕಂಪ್ರೆಸರನ್ನೂ ಮರೆಯಬೇಡಿ. ಟರ್ಬೈನಿನ ಮೊದಲ ಸಾಲಿನ ನಾಜಲ್ ಕಿಂಡಿ ಅಷ್ಟೇ ಇರುತ್ತದೆ, ಅದರಲ್ಲಿ ಜಾಸ್ತಿ ದ್ರವ್ಯ ತೂರಬೇಕಾದರೆ ಹಿಂದಿನ ಒತ್ತಡ ಏರಲೇಬೇಕು. ಆಗ ಕಂಪ್ರೆಸರ್ ಸರ್ಜ್ ಆಗುವ, ಅಂದರೆ ಗಾಳಿ ಹಿಂದಕ್ಕೆ ನುಗ್ಗುವ, ಗೆರೆಗೆ ಹತ್ತಿರವಾಗುತ್ತದೆ. ಮುಂದಿನಿಂದ ನೀರು ಬಿಡುವವರಿಗೆ ಬೇರೆ ಚಿಂತೆ. ನೀರು ಸಿಂಪಡಿಸುವ ನಾಜಲ್ ಕೆಟ್ಟು ದಪ್ಪ ಹನಿ ಬೀಳತೊಡಗಿದರೆ ಬ್ಲೇಡಿನ ಅಂಚು ಕೊರೆದುಹೋಗುತ್ತದೆ.

ನೀರು ಡಿಎಂ ನೀರೇ ಆಗಬೇಕು, ಅಂದರೆ ಲವಣ ತೆಗೆದದ್ದು. ಸೋಡಿಯಂ, ಪೊಟ್ಯಾಸಿಯಂ ಉಳಿದಿದ್ದರೆ ಇಂಧನದ ಗಂಧಕದ ಜೊತೆ ಸೇರಿ ಬಿಸಿ ಬ್ಲೇಡನ್ನು ತಿನ್ನುತ್ತವೆ. ಇಲ್ಲಿ ಉಳಿತಾಯ ಮಾಡಲು ಹೋಗಲೇಬೇಡಿ.

ಕೊನೆಗೆ ಪರೀಕ್ಷೆ

ನಿನ್ನೆ ನೀರಿಲ್ಲದೆ ಓಡಿಸಿದ್ದು, ಇವತ್ತು ನೀರು ಬಿಟ್ಟು ಓಡಿಸಿದ್ದು, ಎರಡನ್ನೂ ಸುಮ್ನೆ ಪಕ್ಕಪಕ್ಕ ಇಟ್ಟು ಹೋಲಿಸಬೇಡಿ. ಹವೆ ಬದಲಾಗಿರುತ್ತದೆ. ಮೊದಲು ಕಂಪ್ರೆಸರ್ ತೊಳೆಯಿರಿ. ನೀರಿಲ್ಲದೆ ಓಡಿಸಿ, ತಾಪಮಾನಗಳು ನಿಂತ ಮೇಲೆ ಲೋಡ್, ಇಂಧನದ ಹರಿವು, ಒಳಗಾಳಿಯ ತಾಪಮಾನ, ತೇವಾಂಶ, ಒತ್ತಡ, ಎಕ್ಸಾಸ್ಟ್ (ಹೊರಹೋಗುವ ಬಿಸಿ ಅನಿಲದ) ತಾಪಮಾನ ಎಲ್ಲ ಬರೆದಿಡಿ. ಆಮೇಲೆ ನೀರನ್ನು ಸ್ವಲ್ಪ ಸ್ವಲ್ಪವೇ ಏರಿಸಿ. ಪ್ರತಿ ಹಂತದಲ್ಲೂ ಯಂತ್ರ ನೆಲೆಯಾಗುವವರೆಗೆ ಕಾದು ಅದೇ ಅಂಕಿಗಳನ್ನು, ಜೊತೆಗೆ ನಾಕ್ಸ್ ಮತ್ತು ಕಾರ್ಬನ್ ಮಾನಾಕ್ಸೈಡನ್ನು ಬರೆಯಿರಿ. ಎಲ್ಲವನ್ನೂ 15 ಡಿಗ್ರಿಯ ಸ್ಥಿತಿಗೆ ತಿದ್ದಿ, ಪ್ರತಿ ಯೂನಿಟ್ಟಿಗೆ ಎಷ್ಟು ಶಾಖ ಹೋಯಿತು ಅಂತ ತೆಗೆಯಿರಿ.

ಎಕ್ಸಾಸ್ಟಿನ ಸುತ್ತ ಇರುವ, ತಾಪಮಾನ ಅಳೆಯುವ ಥರ್ಮೋಕಪಲ್‌ಗಳ ಮೇಲೆ ಕಣ್ಣಿಡಿ. ಅವು ತೋರಿಸುವ ತಾಪಮಾನಗಳ ನಡುವಿನ ಅಂತರ ಹಿಗ್ಗಿದರೆ ಯಾವುದೋ ಒಂದು ಕಂಬಸ್ಟರಿಗೆ ನೀರು ಜಾಸ್ತಿಯೋ ಕಡಿಮೆಯೋ ಹೋಗುತ್ತಿದೆ ಅಂತ ಅನುಮಾನಿಸಬೇಕು. ಯಂತ್ರ ನಿಲ್ಲಿಸುವಾಗ ನೀರನ್ನು ಮೊದಲು ಬಂದ್ ಮಾಡಿ, ಲೋಡ್ ಪೂರ್ತಿ ಇಳಿಸುವುದು ಆಮೇಲೆ. ಕಡಿಮೆ ಲೋಡಿನ ಸಣ್ಣ ಜ್ವಾಲೆಗೆ ನೀರು ಬಿದ್ದರೆ ಅದು ಆರಿಹೋಗಬಹುದು.