ಬಾಡಿಗೆ ಇಳಿಸಿ ಎಂದು ಕೇಳುವುದು ಹೇಗೆ?

ಶಿವಮೊಗ್ಗದ ಮನೆ ಬಾಡಿಗೆ ಕರಾರುಗಳು ಸಾಮಾನ್ಯವಾಗಿ 11 ತಿಂಗಳದ್ದು. ಒಂದು ವರ್ಷ ಮೀರಿದ ಕರಾರನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾದ್ದರಿಂದ ಎಲ್ಲರೂ 11ಕ್ಕೆ ನಿಲ್ಲಿಸುತ್ತಾರೆ. ಕೊನೆಯ ವಾರದಲ್ಲಿ ಮಾಲೀಕರ ಫೋನ್ ಬರುತ್ತದೆ: ‘ಈ ಸಲ ಐನೂರು ಹೆಚ್ಚಿಗೆ ಮಾಡೋಣ.’ ನಾವು ‘ಆಗಲಿ ಸರ್’ ಎಂದು ಫೋನ್ ಇಡುತ್ತೇವೆ. ಬಾಡಿಗೆ ಏರುವುದೇ ಹೊರತು ಇಳಿಯುವುದಿಲ್ಲ ಎಂದು ನಂಬಿದವರು ನನ್ನ ಪರಿಚಯದಲ್ಲಿ ಬಹಳ ಮಂದಿ. ಕೇಳಿದವರಲ್ಲೂ ಹೆಚ್ಚಿನವರು ಕೇಳಬಾರದ ಹೊತ್ತಿನಲ್ಲಿ, ಕೇಳಬಾರದ ರೀತಿಯಲ್ಲಿ ಕೇಳಿ, ಇದ್ದ ಸೌಹಾರ್ದವನ್ನೂ ಕೆಡಿಸಿಕೊಂಡು ಬಂದಿದ್ದಾರೆ. ಕ್ರಮವಾಗಿ ಹೋದರೆ ಬಾಡಿಗೆ ಇಳಿಯುತ್ತದೆ. ಇಳಿಯದಿದ್ದರೂ ಏರುವುದಂತೂ ನಿಲ್ಲುತ್ತದೆ.

1. ಕರಾರು ಮುಗಿಯುವ ತಿಂಗಳನ್ನು ನೋಡಿ

ಜೂನ್ 1ಕ್ಕೆ ಶುರುವಾದ 11 ತಿಂಗಳ ಕರಾರು ಏಪ್ರಿಲ್ 30ಕ್ಕೆ ಮುಗಿಯುತ್ತದೆ. ಮುಂದಿನದು ಮಾರ್ಚ್ 31ಕ್ಕೆ. ಹೀಗೆ ಪ್ರತಿ ನವೀಕರಣಕ್ಕೂ ಒಂದು ತಿಂಗಳು ಹಿಂದೆ ಸರಿಯುತ್ತದೆ, ಆದ್ದರಿಂದ ನಿಮ್ಮ ಬಲವೂ ಪ್ರತಿ ಬಾರಿ ಬದಲಾಗುತ್ತದೆ. ಮೇ ತಿಂಗಳಲ್ಲಿ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯಿಂದ ಮಕ್ಕಳ ಓದಿಗೆಂದು ಮನೆ ಹುಡುಕಿ ಬರುವವರು ಹೆಚ್ಚು. ಆಗ ಮಾಲೀಕರಿಗೆ ಆಯ್ಕೆ ಇರುತ್ತದೆ. ಅಂಥ ಹೊತ್ತಿನಲ್ಲಿ ಇಳಿಕೆ ಕೇಳಬೇಡಿ, ಏರಿಕೆ ಬೇಡ ಎಂದಷ್ಟೇ ಕೇಳಿ.

ಜೂನ್ ಕೊನೆ, ಜುಲೈನಲ್ಲಿ ಮುಗಿಯುವ ಕರಾರು ಬಾಡಿಗೆದಾರರ ಪಾಲಿಗೆ ಒಳ್ಳೆಯದು. ಶಾಲೆಗಳು ಆಗಲೇ ಶುರುವಾಗಿರುತ್ತವೆ, ಮಳೆ ಹಿಡಿದಿರುತ್ತದೆ, ಆಷಾಢದಲ್ಲಿ ಹೊಸ ಮನೆಯಲ್ಲಿ ಹಾಲು ಉಕ್ಕಿಸಲು ನಮ್ಮ ಕಡೆ ಹೆಚ್ಚಿನವರು ಒಪ್ಪುವುದಿಲ್ಲ. ಖಾಲಿಯಾದ ಮನೆ ಶ್ರಾವಣದವರೆಗೆ ಬೀಗ ಹಾಕಿಕೊಂಡೇ ಇರಬಹುದು. ಪಿತೃಪಕ್ಷ ಮತ್ತು ಧನುರ್ಮಾಸಕ್ಕೂ ಈ ಮಾತು ಸಲ್ಲುತ್ತದೆ. ಮಾಲೀಕರಿಗೆ ಇದು ನಿಮಗಿಂತ ಚೆನ್ನಾಗಿ ಗೊತ್ತಿದೆ. ಮಾತುಕತೆಗೆ ಕರಾರು ಮುಗಿಯುವ ಎರಡು ತಿಂಗಳ ಮೊದಲು ಹೋಗಿ, ಕೊನೆಯ ವಾರದ ಫೋನ್ ಕರೆಗೆ ಕಾಯಬೇಡಿ.

2. ಬೀದಿ ಸುತ್ತಿ

ನಿಮ್ಮ ಬಡಾವಣೆಯಲ್ಲೇ ‘ಬಾಡಿಗೆಗೆ ಇದೆ’ ಎಂಬ ಬೋರ್ಡ್ ನೇತುಹಾಕಿದ ಮನೆಗಳನ್ನು ವಿಚಾರಿಸಿ. ಗೋಪಾಳದಲ್ಲಿ ಇರುವವರು ವಿನೋಬನಗರದ ದರ ಹಿಡಿದುಕೊಂಡು ಹೋದರೆ ಮಾತು ಮೊದಲ ನಿಮಿಷಕ್ಕೇ ಮುಗಿಯುತ್ತದೆ. ಬಾಡಿಗೆ ಎಷ್ಟು ಎಂಬುದರ ಜೊತೆಗೆ ಎಷ್ಟು ದಿನದಿಂದ ಖಾಲಿ ಇದೆ ಎಂದೂ ಕೇಳಿ, ಆ ಎರಡನೆಯ ಉತ್ತರವೇ ಹೆಚ್ಚು ಉಪಯೋಗಕ್ಕೆ ಬರುತ್ತದೆ. ಮೊಬೈಲ್ ಆ್ಯಪ್‌ಗಳಲ್ಲಿ ಕಾಣುವುದು ಮಾಲೀಕರು ಕೇಳುವ ಬೆಲೆ, ಯಾರೋ ಕೊಡುತ್ತಿರುವ ಬೆಲೆಯಲ್ಲ. ಅದನ್ನು ನಂಬಿ ಲೆಕ್ಕ ಹಾಕಬೇಡಿ. ಇತ್ತೀಚೆಗೆ ಮನೆ ಹಿಡಿದವರನ್ನು ಕೇಳಿದರೆ ನಿಜವಾದ ಅಂಕಿ ಸಿಗುತ್ತದೆ.

ಹೋಲಿಸುವಾಗ ನೀರು, ವಾಹನ ನಿಲ್ಲಿಸುವ ಜಾಗ, ಅಪಾರ್ಟ್‌ಮೆಂಟ್ ಆದರೆ ನಿರ್ವಹಣೆ ಶುಲ್ಕ, ಎಲ್ಲವನ್ನೂ ಸೇರಿಸಿ ನೋಡಿ. ವಿದ್ಯುತ್ ಮೀಟರ್ ಪ್ರತ್ಯೇಕವಾಗಿದೆಯೇ ಎಂಬುದು ಈಗ ಬಹಳ ಮುಖ್ಯ. 2023ರಲ್ಲಿ ಬಂದ ಗೃಹಜ್ಯೋತಿ ಬಾಡಿಗೆದಾರರಿಗೂ ಅನ್ವಯಿಸುತ್ತದೆ. ಆದರೆ ಎರಡು ಮನೆಗೆ ಸೇರಿ ಒಂದೇ ಮೀಟರ್ ಇದ್ದರೆ ನಿಮ್ಮ ಪಾಲಿನ ಪ್ರಯೋಜನ ನಿಮ್ಮ ಹೆಸರಿಗೆ ಬರುವುದಿಲ್ಲ. ಪ್ರತ್ಯೇಕ ಮೀಟರ್ ಇಲ್ಲದ ಮನೆಗೆ ಕಡಿಮೆ ಬಾಡಿಗೆ ಕೇಳುವುದು ನ್ಯಾಯವೇ.

3. ಮಳೆಗಾಲದ ಫೋಟೊಗಳು

ಮಲೆನಾಡಿನ ಮನೆಯ ಕುಂದು ಕೊರತೆ ಜುಲೈ, ಆಗಸ್ಟ್‌ನಲ್ಲಿ ಕಾಣುತ್ತದೆ, ಮಾರ್ಚ್‌ನಲ್ಲಿ ಮಾಯವಾಗಿರುತ್ತದೆ. ನೆನೆದ ಗೋಡೆ, ಬೀರುವಿನ ಹಿಂದಿನ ಬೂಷ್ಟು, ತಾರಸಿಯಿಂದ ಇಳಿದ ನೀರಿನ ಕಲೆ, ಇವುಗಳ ಫೋಟೊ ಆಗಲೇ ತೆಗೆದು ಮಾಲೀಕರಿಗೆ ಆಗಲೇ ಕಳಿಸಿ. ಬೇಸಿಗೆಯಲ್ಲಿ ಹೇಳಿದರೆ ನೆಪ ಹುಡುಕಿದಂತೆ ಕೇಳಿಸುತ್ತದೆ.

ತೇವ ತಡೆಯುತ್ತದೆಂದು ಡಬ್ಬಿಗಳಲ್ಲಿ ಮಾರುವ ಬಣ್ಣವನ್ನು ನಿಮ್ಮ ದುಡ್ಡಿನಲ್ಲಿ ತಂದು ಒಳಗಿನಿಂದ ಬಳಿಯಲು ಹೋಗಬೇಡಿ. ನೀರು ಬರುತ್ತಿರುವುದು ಹೊರಗೋಡೆಯ ಬಿರುಕಿನಿಂದಲೋ ತಾರಸಿಯಿಂದಲೋ ಆದರೆ ಒಳಗಿನ ಬಣ್ಣ ಮುಂದಿನ ಮಳೆಗಾಲಕ್ಕೆ ಹಪ್ಪಳಿಕೆ ಎದ್ದು ಬರುತ್ತದೆ. ಮಾಲೀಕರು ಮಾಡಿಸಲೇಬೇಕಾದ ದುರಸ್ತಿಯನ್ನು, ತಿಳಿಸಿದ ಮೇಲೂ ತಕ್ಕ ಸಮಯದೊಳಗೆ ಮಾಡಿಸದಿದ್ದರೆ, ಬಾಡಿಗೆದಾರ ತಾನೇ ಮಾಡಿಸಿ ಖರ್ಚನ್ನು ಬಾಡಿಗೆಯಲ್ಲಿ ಹಿಡಿದುಕೊಳ್ಳಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 108ನೇ ಕಲಂ ಅವಕಾಶ ಕೊಡುತ್ತದೆ. ಕರಾರಿನಲ್ಲಿ ಬೇರೆ ಷರತ್ತು ಬರೆದಿದ್ದರೆ ಅದೇ ಮುಖ್ಯವಾಗುತ್ತದೆ, ಹಾಗಾಗಿ ಹಳೆಯ ಕರಾರನ್ನು ಒಮ್ಮೆ ಪೂರ್ತಿ ಓದಿ.

4. ಮಾಲೀಕರ ಲೆಕ್ಕವನ್ನು ನೀವು ಹಾಕಿ

ಬಾಡಿಗೆ 12,000 ಎಂದುಕೊಳ್ಳಿ. ನೀವು ಬಿಟ್ಟ ಮೇಲೆ ಮನೆ ಒಂದೇ ತಿಂಗಳು ಖಾಲಿ ಬಿದ್ದರೂ ಅವರಿಗೆ 12,000 ನಷ್ಟ. ಬಣ್ಣ ಬಳಿಸುವ ಖರ್ಚು, ದಲ್ಲಾಳಿಯ ಕಮಿಷನ್ ಬೇರೆ. ನೀವು ತಿಂಗಳಿಗೆ 1,000 ಇಳಿಸಲು ಕೇಳಿದರೆ 11 ತಿಂಗಳಿಗೆ 11,000. ಅಂದರೆ ನಿಮಗೆ ಇಳಿಸಿಕೊಟ್ಟರೂ ಅವರಿಗೇ ಉಳಿತಾಯ. ಈ ಲೆಕ್ಕವನ್ನು ಒಂದು ಹಾಳೆಯಲ್ಲಿ ಬರೆದಿಟ್ಟುಕೊಳ್ಳಿ. ಜೊತೆಗೆ ನಿಮ್ಮ ಸ್ಥಳಾಂತರದ ಖರ್ಚನ್ನೂ ಹಾಕಿ ನೋಡಿ. ಬಿಟ್ಟು ಹೋಗಲು ನಿಜಕ್ಕೂ ಸಿದ್ಧರಿದ್ದೀರಾ ಎಂಬುದು ನಿಮಗೆ ಮೊದಲೇ ಗೊತ್ತಿರಬೇಕು.

5. ಮಾತು

ಕೆಲಸ ಕೆಡುವುದು ಇಲ್ಲಿಯೇ.

ಫೋನ್‌ನಲ್ಲಿ ಕೇಳಬೇಡಿ, ವಾಟ್ಸ್‌ಆ್ಯಪ್‌ನಲ್ಲಂತೂ ಬೇಡವೇ ಬೇಡ. ಬರವಣಿಗೆಯಲ್ಲಿ ಬಂದ ಕೋರಿಕೆಗೆ ‘ಆಗುವುದಿಲ್ಲ’ ಎಂದು ಟೈಪ್ ಮಾಡುವುದು ಬಹಳ ಸುಲಭ. ಮೆಟ್ಟಿಲ ಮೇಲೆ ಸಿಕ್ಕಾಗ, ನಲ್ಲಿ ರಿಪೇರಿಗೆ ಬಂದಾಗ ಪ್ರಸ್ತಾಪ ಎತ್ತುವುದೂ ತಪ್ಪು. ಮೊದಲೇ ತಿಳಿಸಿ, ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋಗಿ. ಮಾಲೀಕರು ತೋಟದವರಾದರೆ ಅಡಿಕೆ ಕೊಯ್ಲು, ಸುಲಿತದ ದಿನಗಳಲ್ಲಿ ಹೋಗಬೇಡಿ, ಅವರ ಗಮನ ನಿಮ್ಮ ಮೇಲೆ ಇರುವುದಿಲ್ಲ. ಗಂಡ ಹೆಂಡತಿ ಇಬ್ಬರೂ ಇರುವ ಹೊತ್ತು ನೋಡಿ. ಒಬ್ಬರೇ ಇದ್ದರೆ ‘ಮನೆಯಲ್ಲಿ ಕೇಳಿ ಹೇಳುತ್ತೇನೆ’ ಎಂಬಲ್ಲಿಗೆ ನಿಂತುಬಿಡುತ್ತದೆ.

ಮೊದಲ ಮಾತು, ಇದೇ ಮನೆಯಲ್ಲಿ ಉಳಿಯಲು ಇಷ್ಟ ಎಂಬುದು. ಎರಡನೆಯದು ಅಂಕಿ. ಮೂರನೆಯದು ಕಾರಣ. ‘ಸರ್, ನಮಗೆ ಇಲ್ಲೇ ಮುಂದುವರಿಯುವ ಆಸೆ. ಮುಂದಿನ ಕರಾರಿಗೆ 11,000 ಮಾಡಿಕೊಡಬೇಕು ಎಂದು ಕೇಳಲು ಬಂದೆವು. ಇದೇ ಬೀದಿಯಲ್ಲಿ ಇಂಥದೇ ಎರಡು ಮನೆ ಆ ದರಕ್ಕೆ ಹೋಗಿವೆ.’ ಇಷ್ಟು ಹೇಳಿ ಸುಮ್ಮನಿರಿ.

ಸುಮ್ಮನಿರುವುದು ಎಲ್ಲಕ್ಕಿಂತ ಕಷ್ಟ. ನಾನು ನೋಡಿದವರಲ್ಲಿ ಮುಕ್ಕಾಲು ಪಾಲು ಜನ ಸೋತದ್ದು ಈ ಮೌನದಲ್ಲಿ. ಮಾಲೀಕರು ಉತ್ತರ ಕೊಡುವ ಮೊದಲೇ ‘ಪೂರ್ತಿ ಆಗದಿದ್ದರೆ ಇನ್ನೂರಾದರೂ’ ಎಂದು ತಾವೇ ಇಳಿದುಬಿಡುತ್ತಾರೆ. ಅಷ್ಟರಲ್ಲಿ ಕಾಫಿ ಬರುತ್ತದೆ, ಮಾತು ಮಳೆ, ಅಡಿಕೆ ಧಾರಣೆಯ ಕಡೆ ಹೊರಳುತ್ತದೆ, ಬಂದ ಕೆಲಸ ಅಲ್ಲೇ ಉಳಿಯುತ್ತದೆ. ಕಾಫಿ ಕುಡಿಯಿರಿ, ಲೋಟ ಕೆಳಗಿಟ್ಟ ಮೇಲೆ ಮತ್ತೆ ವಿಷಯಕ್ಕೆ ಬನ್ನಿ.

‘ಸ್ವಲ್ಪ ನೋಡಿ ಮಾಡಿ ಸರ್’ ಎಂದು ಎಂದಿಗೂ ಕೇಳಬೇಡಿ. ಅಂಕಿಯಿಲ್ಲದ ಕೋರಿಕೆಗೆ ಅಂಕಿಯಿಲ್ಲದ ಉತ್ತರವೇ ಬರುತ್ತದೆ. ಮಕ್ಕಳ ಫೀಸು, ಸಾಲದ ಕಂತು ಹೇಳಿಕೊಳ್ಳಬೇಡಿ. ಅವರಿಗೂ ಕಷ್ಟಗಳಿವೆ, ಎರಡು ಕಷ್ಟಗಳನ್ನು ತೂಗಲು ಹೊರಟರೆ ಮಾತು ಮುಗಿಯುವುದೇ ಇಲ್ಲ. ಬಿಟ್ಟು ಹೋಗುತ್ತೇವೆ ಎಂದು ಹೆದರಿಸಬೇಡಿ, ಅದು ಹೇಳದೆಯೇ ಅವರಿಗೆ ಅರ್ಥವಾಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನೆಯನ್ನು ಹಳಿಯಬೇಡಿ. ನಿವೃತ್ತಿಯ ಹಣವನ್ನೆಲ್ಲ ಹಾಕಿ ಕಟ್ಟಿಸಿದವರ ಎದುರು ‘ನಿಮ್ಮ ಮನೆ ಸರಿಯಿಲ್ಲ’ ಎಂದರೆ ಯಾವ ಲೆಕ್ಕವೂ ನಿಮ್ಮನ್ನು ಕಾಯುವುದಿಲ್ಲ. ‘ಅಡುಗೆಮನೆಯ ಪಶ್ಚಿಮದ ಗೋಡೆ ಮಳೆಗೆ ನೆನೆಯುತ್ತದೆ’ ಎನ್ನಿ, ಫೋಟೊ ತೋರಿಸಿ, ಅಲ್ಲಿಗೆ ನಿಲ್ಲಿಸಿ.

‘ಎಲ್ಲದರ ಬೆಲೆ ಏರಿದೆಯಲ್ಲ’ ಎಂದರೆ ಹೌದೆಂದು ಒಪ್ಪಿ, ನಿಮ್ಮ ಬೀದಿಯ ದರಕ್ಕೆ ಮರಳಿ. ‘ಬೇರೆಯವರು ಹೆಚ್ಚು ಕೊಡುತ್ತಾರೆ’ ಎಂದರೆ ವಾದಿಸಬೇಡಿ, ಯಾವ ದಿನದೊಳಗೆ ತೀರ್ಮಾನ ತಿಳಿಸುತ್ತೀರಿ ಎಂದು ಕೇಳಿ. ಈಚೆಗೆ ಇನ್ನೊಂದು ಉತ್ತರ ಹೆಚ್ಚಾಗಿದೆ: ‘ಬೆಂಗಳೂರಿನಲ್ಲಿರುವ ಮಗ ಇಷ್ಟು ಹೇಳಿದ್ದಾನೆ.’ ಮಗನ ಕಣ್ಣಲ್ಲಿ ಇರುವುದು ಬೆಂಗಳೂರಿನ ಬಾಡಿಗೆ. ಆಗ ನಿಮ್ಮ ಲೆಕ್ಕದ ಹಾಳೆಯನ್ನು ಅಲ್ಲೇ ಬಿಟ್ಟು, ‘ಇದನ್ನು ಅವರಿಗೂ ತೋರಿಸಿ’ ಎಂದು ಹೇಳಿ ಬನ್ನಿ.

ಪ್ರತಿಯಾಗಿ ನೀವು ಕೊಡಬಹುದಾದದ್ದೂ ಇದೆ. ತಿಂಗಳ 1ನೇ ತಾರೀಕೇ ಬ್ಯಾಂಕಿಗೆ ಬಾಡಿಗೆ ಹಾಕುವುದು, ಇನ್ನೊಂದು ಅವಧಿಗೂ ಉಳಿಯುವ ಭರವಸೆ, ಬಲ್ಬು ನಲ್ಲಿಯಂಥ ಸಣ್ಣ ದುರಸ್ತಿಗಳ ಹೊಣೆ. ಹಣ ಇಳಿಸಲು ಒಪ್ಪದಿದ್ದರೆ ಮಳೆಗಾಲಕ್ಕೆ ಮುನ್ನ ತಾರಸಿಯ ಸೋರಿಕೆ ತಡೆಯುವ ಕೆಲಸ ಅಥವಾ ಪ್ರತ್ಯೇಕ ಮೀಟರ್ ಕೇಳಿ. ಅಡ್ವಾನ್ಸ್ ಹೆಚ್ಚಿಸಿ ಬಾಡಿಗೆ ಇಳಿಸಿಕೊಳ್ಳುವ ದಾರಿ ನನಗೆ ಒಪ್ಪಿಗೆಯಿಲ್ಲ. 50,000 ಹೆಚ್ಚಿಗೆ ಕೊಟ್ಟರೆ ಶೇ 7ರ ಬಡ್ಡಿಯಲ್ಲಿ ಅದರ ಬೆಲೆ ತಿಂಗಳಿಗೆ ಸುಮಾರು 290 ರೂಪಾಯಿ. ಅಷ್ಟಕ್ಕಾಗಿ, ಮನೆ ಬಿಡುವಾಗ ವಾಪಸು ಪಡೆಯಲು ಅಲೆಯಬೇಕಾದ ಮೊತ್ತವನ್ನು ದೊಡ್ಡದು ಮಾಡಿಕೊಳ್ಳಬೇಡಿ.

6. ಕಾಗದ

ಒಪ್ಪಿಗೆಯಾದ ದಿನವೇ ‘ಇಂದು ಮಾತನಾಡಿದಂತೆ ಬಾಡಿಗೆ 11,000’ ಎಂದು ಒಂದು ಸಂದೇಶ ಕಳಿಸಿ. ವಾಟ್ಸ್‌ಆ್ಯಪ್ ಇದಕ್ಕೆ ಮಾತ್ರ. ಹೊಸ ಕರಾರನ್ನು ಇ-ಸ್ಟ್ಯಾಂಪ್ ಪಡೆದು ಮಾಡಿಸಿ, ಮೊದಲೇ ಕೊಟ್ಟ ಅಡ್ವಾನ್ಸ್ ಮೊತ್ತ ಅದರಲ್ಲಿ ನಮೂದಾಗಿರಲಿ. ಟೈಪಿಂಗ್ ಅಂಗಡಿಯ ಸಿದ್ಧ ನಮೂನೆಗಳಲ್ಲಿ ವರ್ಷಕ್ಕೆ ಶೇ 5 ಅಥವಾ 10 ಏರಿಕೆಯ ಸಾಲು ತಾನಾಗಿಯೇ ಬಂದು ಕೂತಿರುತ್ತದೆ. ಅದನ್ನು ತೆಗೆಸದೆ ಸಹಿ ಹಾಕಬೇಡಿ. ಬಾಡಿಗೆ ಭತ್ಯೆಯ ತೆರಿಗೆ ವಿನಾಯಿತಿ ಪಡೆಯುವವರು, ಬಾಡಿಗೆ ವರ್ಷಕ್ಕೆ 1 ಲಕ್ಷ ಮೀರಿದರೆ ಮಾಲೀಕರ ಪ್ಯಾನ್ ಸಂಖ್ಯೆ ಕೊಡಬೇಕಾಗುತ್ತದೆ. ಅದನ್ನೂ ಈಗಲೇ ಕೇಳಿ ಪಡೆಯಿರಿ.

ಮಾತು ಎಳೆದು ಹಳೆಯ ಕರಾರಿನ ದಿನ ಮೀರಿದರೆ ಗಾಬರಿ ಬೇಡ. ಮಾಲೀಕರು ಬಾಡಿಗೆ ಪಡೆಯುತ್ತಿದ್ದರೆ, ಬೇರೆ ಒಪ್ಪಂದ ಇಲ್ಲದಿದ್ದಾಗ, ಅದು ತಿಂಗಳಿಂದ ತಿಂಗಳಿಗೆ ಮುಂದುವರಿದಂತೆ. ಬಿಡಿಸಲು 15 ದಿನಗಳ ನೋಟಿಸ್ ಕೊಡಬೇಕು. ಆ ದಿನಗಳಲ್ಲಿ ಹಳೆಯ ಬಾಡಿಗೆಯನ್ನೇ ತಪ್ಪದೆ ಬ್ಯಾಂಕಿನ ಮೂಲಕ ಕಟ್ಟಿ, ಯಾವ ತಿಂಗಳದ್ದು ಎಂದು ಟಿಪ್ಪಣಿಯಲ್ಲಿ ಬರೆಯಿರಿ.